ಸಾವಿನೂಟಕ್ಕೆ ಬಂದವನು

"ಇನ್ನೊಂದು ತುಂಡು ಮೀನು ಹಾಕ್ಲಾ?" ಎಂದು ಕೇಳುತ್ತಲೇ ಜೊಲೆಟಾ ಹಾಕಿಯೂ ಬಿಟ್ಟಳು. ಬೂದುಬಣ್ಣದ ಸೂಟಿನ ಆ ಮನುಷ್ಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಬಾಗಿಸಿದ.

"ಸಾಕಮ್ಮ, ದೇವರು ನಿಮಗೆ ಒಳ್ಳೇದು ಮಾಡ್ಲಿ. ದೊಡ್ಡ ಜೀವ ಹೋಯ್ತು."

"ಹೌದು."

"ಆ ಮನೇಲಿ ಇನ್ಮೇಲೆ ನೀವೊಬ್ರೇನಾ?"

"ನಾನೊಬ್ಳೇ" ಎಂದಳು ಜೊಲೆಟಾ. ಹಿಂದೆ ಸಾಲು ಬೆಳೆದಿತ್ತು. ಅವಳು ಮುಂದಿನವರ ತಟ್ಟೆಗೆ ಸೊಪ್ಪು ಬಡಿಸತೊಡಗಿದಳು.

ಅವಳ ದೊಡ್ಡಮ್ಮ ವರ್ನೆಲ್ ಗ್ಯಾಸ್ಕಿನ್ಸಳನ್ನು ಮಣ್ಣು ಮಾಡಿ ಬಂದು ಎಲ್ಲರೂ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಿದ್ದರು. ಉತ್ತರ ಫಿಲಡೆಲ್ಫಿಯಾದ ಆ ಬೀದಿಯಲ್ಲಿ ಸಾವಿನೂಟಕ್ಕೆ ಬಂದವರನ್ನು ನೀನು ಯಾರು ಎಂದು ಕೇಳುವ ರೂಢಿ ಇಲ್ಲ. ಕಪ್ಪು ಮುಖ, ಇಸ್ತ್ರಿಯ ಅಂಗಿ, ತಗ್ಗಿದ ದನಿ ಇದ್ದರೆ ಯಾರದೋ ಕಡೆಯವರು, ಅಷ್ಟೆ. ಹಿರಿಯರು ಬಿಟ್ಟುಬಂದ ದಕ್ಷಿಣದ ಊರುಗಳಲ್ಲಿ ಉಳಿದ ನೆಂಟರಲ್ಲಿ ಯಾರು ಯಾರ ಮಗ ಎಂದು ಬಲ್ಲವರೆಲ್ಲ ಸತ್ತುಹೋಗಿದ್ದಾರೆ. ಕೇಳಿದರೆ ಸತ್ತವರಿಗೇ ಅವಮಾನ. ಮೊದಲು ತಟ್ಟೆ, ಆಮೇಲೆ ಮಾತು.

ವರ್ನೆಲ್‌ಳ ಕೊನೆಯ ತಂಗಿ ಓರೀತಾ ದೊಡ್ಡ ನೇರಳೆ ಟೋಪಿ ಹಾಕಿಕೊಂಡು ಮೆಟ್ಟಿಲ ಪಕ್ಕದ ಮೇಜಿಗೆ ಕೂತಿದ್ದಳು. ಬಂದವರೆಲ್ಲ ಅವಳ ಕೆನ್ನೆಗೆ ಮುತ್ತಿಟ್ಟೇ ಮುಂದೆ ಹೋಗಬೇಕು.

"ಆ ಸೂಟಿನವ್ನು ಯಾರೇ?" ಎಂದು ತಟ್ಟೆ ತಂದ ಜೊಲೆಟಾಳನ್ನು ಕೇಳಿದಳು.

"ಜಾರ್ಜಿಯಾ ಕಡೆಯವ್ರಂತೆ ಚಿಕ್ಕಮ್ಮ."

"ಸುಳ್ಳು. ಅಷ್ಟು ನೆಟ್ಟಗಿನ ಹಲ್ಲು ನಮ್ಮ ವಂಶದಲ್ಲಿ ಯಾರಿಗಿದೆ ಹೇಳು? ಬಂದಾಗಿಂದ ನಮ್ಮ ರುಡೆಲ್‌ಗೆ ಅಂಟ್ಕೊಂಡಿದ್ದಾನೆ."

ರುಡೆಲ್ ಜೊಲೆಟಾಳ ಸತ್ತ ಸೋದರಮಾವನ ಮಗ. ನ್ಯೂಆರ್ಕಿನಿಂದ ಬೆಳಿಗ್ಗೆಯಷ್ಟೇ ಬಸ್ಸಿನಲ್ಲಿ ಬಂದಿದ್ದ. ತೀರ ಮೂಲೆಯ ಮೇಜಿನಲ್ಲಿ ಅವನೂ ಸೂಟಿನವನೂ ತಲೆಗೆ ತಲೆ ಕೊಟ್ಟು ಕೂತಿದ್ದರು. ಜೊಲೆಟಾ ನೋಡಿ ಸಮಾಧಾನವನ್ನೇ ಪಟ್ಟಳು. ಪಾಪ, ಮಾತಾಡಲು ಯಾರೋ ಒಬ್ಬರಾದರೂ ಸಿಕ್ಕಿದರಲ್ಲ.

ಇವತ್ತು ರುಡೆಲ್ ಸಂಜೆಯ ಬಸ್ಸು ಹತ್ತುವ ಮುಂಚೆ ಮನೆಯ ಖಾತೆ ಸರಿಮಾಡಿಸುವ ಕಾಗದಕ್ಕೆ ಒಂದು ಸಹಿ ಹಾಕಬೇಕಿತ್ತು. ಅವನದು, ಓರೀತಾಳದು, ಜೊಲೆಟಾಳದು. ಮೂರೂ ಬಿದ್ದರೆ ಮನೆ ಉಳಿಯುತ್ತದೆ.

*

ಎರಡು ಚಳಿಗಾಲದ ಹಿಂದೆ ಇದೇ ನೆಲಮಾಳಿಗೆಗೆ ದತ್ತಿನಿಧಿಯ ಕಡೆಯಿಂದ ಅಡೀನಾ ಎಂಬ ಎಳೆಯ ವಕೀಲೆ ಬಂದಿದ್ದಳು. ಅವಳೂ ಕರಿಯರ ಹುಡುಗಿಯೇ. ನಿಧಿ ಊರಿನ ಹಳೆಯ ಬಿಳಿ ಶ್ರೀಮಂತರು ಕೂಡಿಟ್ಟ ಹಣ. ಬಿಳಿಯರ ಮನೆಗಳು ಅಜ್ಜನಿಂದ ಮೊಮ್ಮಗನಿಗೆ ಇಳಿದು ಬೆಳೆದವು, ನಮ್ಮವು ನಡುವೆಯೇ ಕೈಬಿಟ್ಟು ಹೋದವು, ಆ ಅಂತರ ಮುಚ್ಚಬೇಕಾದರೆ ಇರುವ ಮನೆಗಳನ್ನು ಮೊದಲು ಉಳಿಸಿಕೊಳ್ಳಬೇಕು, ಖಾತೆ ಸರಿಮಾಡಿಸಲು, ಸೂರು ರಿಪೇರಿಗೆ ನಿಧಿ ದುಡ್ಡು ಕೊಡುತ್ತದೆ ಎಂದು ಅವಳು ವಿವರಿಸಿದಳು.

ವರ್ನೆಲ್ ಎದ್ದು ನಿಂತಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಜನ್ಮವಿಡೀ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿದ ಹೆಂಗಸು, ಮಾತು ಕಡಿಮೆ.

"ಮಗಳೇ, ನಮ್ಮಪ್ಪನ ಮೊದಲ್ನೇ ಮನೆ ಕಿತ್ಕೊಂಡೋನೂ ಹಿಂಗೇ ನಗ್ತಾ ನಗ್ತಾ ಬಂದು ಸಹಿ ಹಾಕಿಸ್ಕೊಂಡಿದ್ದ. ಈಗ ಅವನ ಮೊಮ್ಮಕ್ಕಳು ದಾನ ಕೊಡ್ತಾರಾ?"

ಜನ ಹೋ ಎಂದು ನಕ್ಕರು.

"ಇರಬಹುದಮ್ಮ" ಎಂದಳು ಅಡೀನಾ. "ಅದಕ್ಕೇ ಇಸ್ಕೊಳ್ಳಿ."

ವರ್ನೆಲ್ ನಗಲಿಲ್ಲ. ಒಂದು ಕಂತು ತಡವಾಯಿತೆಂದು ಆ ಮನುಷ್ಯ ತಮ್ಮನ್ನು ಹೊರಹಾಕಿದ ದಿನ ಅವಳು ಚಿಕ್ಕವಳು. ಅಮ್ಮನ ಒಲೆ, ಹಾಸಿಗೆ, ತೊಟ್ಟಿಲು ಎಲ್ಲ ಬೀದಿಯಲ್ಲಿತ್ತು. ಆಮೇಲೆ ಅಪ್ಪ ಪೂರ್ತಿ ಹಣ ಎಣಿಸಿ ಈ ಮನೆ ಕೊಂಡ. ಇನ್ನು ಈ ಹೊಸ್ತಿಲೊಳಗೆ ಯಾರೂ ಯಾವ ಕಾಗದಕ್ಕೂ ಸಹಿ ಹಾಕಕೂಡದು ಎಂದ. ಉಯಿಲೂ ಬರೆಯಲಿಲ್ಲ. ಬರೆದರೆ ಸಾವನ್ನು ಕರೆದಂತೆ. ಅಪ್ಪ ಸತ್ತು ಎಷ್ಟೋ ವರ್ಷವಾದರೂ ವರ್ನೆಲ್ ಪ್ರತಿ ಸಲ ಸರದಿಯಲ್ಲಿ ನಿಂತು ಅವನ ಹೆಸರಿನಲ್ಲೇ ತೆರಿಗೆ ಕಟ್ಟುತ್ತಿದ್ದಳು. ಯಾರಾದರೂ ಬಾಗಿಲು ತಟ್ಟಿದರೆ ಮೊದಲು ದೀಪ ಆರಿಸುತ್ತಿದ್ದಳು. ಉಸಿರು ಬಿಗಿಹಿಡಿದು ಗೋಡೆಗೆ ಒತ್ತಿ ನಿಂತು, ಹೆಜ್ಜೆ ಸದ್ದು ದೂರವಾದ ಮೇಲೆಯೇ ಉಸಿರು ಬಿಡುತ್ತಿದ್ದಳು.

*

ಇವತ್ತು ಅಡೀನಾ ಮೆಟ್ಟಿಲಿಳಿದು ಬಂದವಳು ಕೈಯಲ್ಲಿದ್ದ ಹೂವನ್ನು ಕೊಡುವುದನ್ನೇ ಮರೆತಳು. ಜೊಲೆಟಾಳ ಮೊಣಕೈ ಹಿಡಿದು ಕಾಫಿ ಪಾತ್ರೆಯ ಹಿಂದಕ್ಕೆ ಎಳೆದಳು.

"ಆ ಬೂದು ಸೂಟು. ಅವನು ನಿಮಗೆ ಏನಾಗ್ಬೇಕು?"

"ಜಾರ್ಜಿಯಾ ಕಡೆ..."

"ಯಾವ ಕಡೆಯೂ ಅಲ್ಲ. ಮೊನ್ನೆ ಬೇರೊಂದು ಸಾವಿನಲ್ಲಿ ಅವನು ಕ್ಯಾರೊಲೈನಾ ಕಡೆಯವನಾಗಿದ್ದ. ಪೇಪರಲ್ಲಿ ಸಾವಿನ ಸುದ್ದಿ ನೋಡ್ಕೊಂಡು ಬರ್ತಾನೆ. ಉಂಡು, ಅತ್ತು, ಮನೆಯೋರಲ್ಲಿ ಯಾರಿಗೆ ಕೈ ಖಾಲಿ ಅಂತ ಹುಡುಕ್ತಾನೆ."

"ಹುಡುಕಿ?"

"ಖಾತೆ ಇನ್ನೂ ನಿಮ್ಮ ಅಜ್ಜನ ಹೆಸರಲ್ಲೇ ಇದೆ. ಅಂದ್ರೆ ಓರೀತಾ, ತೀರಿಹೋದ ನಿಮ್ಮಮ್ಮನ ಪಾಲಿಗೆ ನೀವು, ಅವರಪ್ಪನ ಪಾಲಿಗೆ ರುಡೆಲ್, ಮೂರೂ ಜನ ಪಾಲುದಾರರು. ಒಬ್ರ ಪಾಲು ಅವನು ಕೊಂಡ್ಕೊಂಡ್ರೆ ಸಾಕು, ಕೋರ್ಟಿಗೆ ಹೋಗಿ ಇಡೀ ಮನೆ ಮಾರಿಸ್ಬಿಡ್ತಾನೆ. ಆಮೇಲೆ ನಮ್ಮ ನಿಧಿ ಇದ್ದೂ ಪ್ರಯೋಜನ ಇಲ್ಲ."

ನಾನೊಬ್ಳೇ ಎಂದು ಜೊಲೆಟಾ ತಾನೇ ಅವನಿಗೆ ಹೇಳಿದ್ದಳು. ಎರಡನೇ ತುಂಡು ಮೀನನ್ನೂ ತಾನೇ ಹಾಕಿದ್ದಳು.

ತಿರುಗಿ ಮೂಲೆಯ ಮೇಜು ನೋಡಿದಳು. ಎರಡು ತಟ್ಟೆ ಇದ್ದವು. ಒಂದು ಬರಿದಾಗಿತ್ತು. ರುಡೆಲ್‌ನದು ಮುಟ್ಟಿದಂತಿರಲಿಲ್ಲ. ಕುರ್ಚಿಗಳಲ್ಲಿ ಯಾರೂ ಇರಲಿಲ್ಲ.

*

ಹೋದ ವಾರ ಮಹಡಿಯ ಕೋಣೆಯಲ್ಲಿ ವರ್ನೆಲ್ ಮಲಗಿದ್ದಳು. ಸೂರಿನಿಂದ ನೀರು ಬಟ್ಟಲಿಗೆ ತೊಟ್ಟಿಕ್ಕುತ್ತಿತ್ತು. ಬಟ್ಟಲು ತುಂಬಿದಂತೆ ಸದ್ದು ಬದಲಾಗುವುದನ್ನು ಇಬ್ಬರೂ ಕೇಳುತ್ತಿದ್ದರು.

"ನಾನು ಹೋದ್ಮೇಲೆ ನಿನ್ನನ್ನ ಹೊರಗೆ ಹಾಕ್ತಾರೆ" ಎಂದಳು ವರ್ನೆಲ್.

"ಯಾರು ದೊಡ್ಡಮ್ಮ? ಸುಮ್ನೆ ಮಲ್ಕೊ."

"ಯಾರೋ. ಬಂದೇ ಬರ್ತಾರೆ. ನಗ್ತಾ ಬರ್ತಾರೆ." ಮಂಚದ ಪಟ್ಟಿ ಹಿಡಿದು ತಲೆ ಎತ್ತಿದಳು. "ಆ ವಕೀಲೆ ಹುಡುಗೀನ ಕರಿ. ಸಹಿ ಹಾಕ್ತೀನಿ. ರುಡೆಲ್‌ಗೂ ಹೇಳು."

ಜೊಲೆಟಾ ಫೋನು ಮಾಡಿದಳು. ಅಡೀನಾ ಸೋಮವಾರ ಬರುತ್ತೇನೆಂದಳು. ರುಡೆಲ್ ನೋಡೋಣ ಎಂದ. ಭಾನುವಾರ ಬೆಳಿಗ್ಗೆ ಬಟ್ಟಲು ಖಾಲಿ ಮಾಡಲು ಹೋದಾಗ ದೊಡ್ಡಮ್ಮನ ಕೈ ಮಂಚದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಬೆರಳು ಬಿಡಿಸಲು ಬಹಳ ಹೊತ್ತು ಬೇಕಾಯಿತು.

*

ಜೊಲೆಟಾ ಮೆಟ್ಟಿಲು ಹತ್ತಿ ಬೀದಿಗೆ ಓಡಿದಳು. ಚಳಿಗಾಲದ ಬೆಳಕು ಆಗಲೇ ಮಂಕಾಗಿತ್ತು. ಚರ್ಚಿನ ಮುಂದೆ ಶವಸಂಸ್ಕಾರದವರ ಉದ್ದನೆಯ ಕರಿ ಕಾರು, ಅದರ ಮೂತಿಗೆ ಬೆನ್ನು ತಾಗುವಷ್ಟು ಹತ್ತಿರ, ಹಿಂದೆ ಸರಿಯಲು ಜಾಗವೇ ಇಲ್ಲದಂತೆ, ಮುಂದೆ ಇನ್ನೊಂದು ಕಾರು. ಅದರೊಳಗೆ ರುಡೆಲ್ ಇದ್ದ. ಬೂದು ಸೂಟಿನವನು ಸ್ಟೀರಿಂಗ್ ಹಿಡಿದಿದ್ದ.

ಅವಳು ಗಾಜಿಗೆ ಬಡಿದಳು. ಗಾಜು ಅರ್ಧ ಇಳಿಯಿತು.

"ರುಡೆಲ್, ಇಳಿ. ಅವನು ನಮ್ಮೋನಲ್ಲ."

"ಗೊತ್ತು. ಅವ್ರೇ ಹೇಳಿದ್ರು."

"ಗೊತ್ತಿದ್ದೂ ಕೂತಿದ್ದೀಯಾ? ಇಡೀ ಮನೆ ಹೋಗುತ್ತೆ ಕಣೋ. ನನ್ನನ್ನ ಬೀದಿಗೆ ಹಾಕ್ತಾರೆ."

"ನಾನು ಈಗಾಗ್ಲೇ ಬೀದೀಲಿದ್ದೀನಿ ಜೊಲೆಟಾ." ಅವನು ಅವಳ ಮುಖ ನೋಡಲಿಲ್ಲ. "ಮೂರು ತಿಂಗಳಿಂದ ಸ್ನೇಹಿತನ ವ್ಯಾನಲ್ಲಿ ಮಲಗ್ತಿದ್ದೀನಿ. ನಿಮ್ಮ ನಿಧಿ ಸೂರಿಗೆ ಕೊಡುತ್ತೆ, ವಕೀಲರಿಗೆ ಕೊಡುತ್ತೆ. ನನಗೇನು ಕೊಡುತ್ತೆ? ನಮ್ಮಪ್ಪನೂ ಆ ಮನೇಲೇ ಹುಟ್ಟಿದ್ದು."

"ನನಗೆ ಯಾಕೆ ಹೇಳ್ಲಿಲ್ಲ? ಆ ಮನೇಲಿ ಕೋಣೆ ಇರ್ಲಿಲ್ವಾ?"

"ನೀವ್ಯಾರು ಕೇಳಿದ್ರಿ?"

ಮೂಲೆಯ ಮೇಜಿನಲ್ಲಿ ಗುರುತಿಲ್ಲದ ಈ ಸೂಟಿನವನೊಬ್ಬನೇ ಅವನನ್ನು ಅದನ್ನು ಕೇಳಿದ್ದ.

"ಕ್ಷಮಿಸಿ ತಂಗಿ" ಎಂದು ಸೂಟಿನವನು ಮೃದುವಾಗಿ ನಕ್ಕ. "ನೋಟರಿಯವ್ರು ಐದಕ್ಕೆ ಬಾಗಿಲು ಹಾಕ್ತಾರೆ. ಊಟ ಚೆನ್ನಾಗಿತ್ತು."

ಗಾಜು ಏರಿತು. ಎಂಜಿನ್ ಶುರುವಾಯಿತು. ಮುಂದೀಪ ಹತ್ತಿತು. ಜೊಲೆಟಾ ಬಾಗಿಲ ಹಿಡಿಯನ್ನು ಎಳೆದಳು, ಬೀಗ ಬಿದ್ದಿತ್ತು. ಹಿಂದೆ ಅಡೀನಾ, "ಕಾಲು ಹುಷಾರು! ಸರೀರಿ ಈ ಕಡೆ!" ಎಂದು ಕೂಗುತ್ತಿದ್ದಳು.

ಅಷ್ಟರಲ್ಲಿ ಕಬ್ಬಿಣ ನೆಲಕ್ಕೆ ಉಜ್ಜುವ ಕರ್ಕಶ ಸದ್ದು ಕೇಳಿತು. ಓರೀತಾ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ನೆಲಮಾಳಿಗೆಯ ಮಡಚುವ ಕುರ್ಚಿ ಎಳೆಯುತ್ತ ಕಾರನ್ನು ಸುತ್ತಿ ಬಂದಳು. ಅದನ್ನು ಕಾರಿನ ಮುಂದಿನ ಬಂಪರಿಗೆ ತಾಗಿಸಿ ಬಿಡಿಸಿಟ್ಟಳು. ಕೂತಳು. ಕೋಟಿನ ಅಂಚು ಎಳೆದು ಮಂಡಿ ಮುಚ್ಚಿಕೊಂಡಳು.

ಹಾರ್ನ್ ಕೂಗಿತು. ಮತ್ತೆ ಕೂಗಿತು. ಕಾರು ಒಂದು ಬೆರಳಷ್ಟು ಮುಂದೆ ಸರಿಯಿತು, ಕುರ್ಚಿ ಅಲುಗಿತು, ನೇರಳೆ ಟೋಪಿ ಓರೆಯಾಯಿತು. ಓರೀತಾ ಅದನ್ನು ಸರಿಮಾಡಿಕೊಂಡು ಊರುಗೋಲನ್ನು ಮಡಿಲಿಗೆ ಅಡ್ಡ ಇಟ್ಟಳು. ಮುಂದೀಪದ ಬೆಳಕಿನಲ್ಲಿ ಅವಳು ಬೀದಿಯ ಎರಡೂ ಬದಿಯವರಿಗೆ ಕಾಣುತ್ತಿದ್ದಳು. ಗಾಜಿನ ಒಳಗೆ ರುಡೆಲ್ ಅವಳನ್ನೇ ನೋಡುತ್ತ ಕೂತಿದ್ದ, ಒಂದು ಕೈ ಬಾಗಿಲ ಹಿಡಿಯ ಮೇಲೆ.