ಕೂಸಿಗೊಂದು ಕಾರಣ

ಮೂರನೆಯ ಅಧ್ಯಾಯವನ್ನು ನೀಲಮ ಆರನೆಯ ಸಲ ತಿದ್ದಿ ಕಳಿಸಿದ ಮೇಲೆ ಅವಳ ಮಾರ್ಗದರ್ಶಕ ಮುರಗೆಪ್ಪ ಸರ್ ಬೆಳಗಾವಿಯಿಂದ ಫೋನ್ ಮಾಡಿದರು. “ತರ್ಕ ಐತಿ, ಮನಷ್ಯಾರಿಲ್ಲ. ಹೋಗಿ ಮಂದೀನ್ನ ಮಾತಾಡ್ಸಿ ಬಾ” ಎಂದು ಇಟ್ಟುಬಿಟ್ಟರು.

ಅವಳದು ತತ್ವಶಾಸ್ತ್ರದಲ್ಲಿ ಪಿಎಚ್‌ಡಿ. ಮಗುವನ್ನು ಹುಟ್ಟಿಸುವ ನಿರ್ಧಾರದಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದು ವಿಷಯ. ಅವಳ ಊರು ಕರೋಶಿಯ ಓಣಿಯಲ್ಲಿ ಇದನ್ನು ಬಿಡಿಸಿ ಹೇಳಿದಾಗಲೆಲ್ಲ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಲಗ್ನವೇ ಆಗದವಳು ಹಡಿಯುವುದರ ಬಗ್ಗೆ ಪುಸ್ತಕ ಬರೆಯುತ್ತಾಳಂತೆ! ಚಿಕ್ಕೋಡಿ ಡಿಪೋದಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದ ಅಪ್ಪ ಭರಮು ಮಾತ್ರ ಕೇಳಿದವರಿಗೆಲ್ಲ, “ಡಾಕ್ಟರ್ ಆಗಾಕತ್ತಾಳ, ಇಂಜೆಕ್ಷನ್ ಮಾಡೂ ಡಾಕ್ಟರ್ ಅಲ್ಲ” ಎಂದು ಹೇಳಿ ಮುಗಿಸುತ್ತಿದ್ದ.

ಆ ಮೂರನೆಯ ಅಧ್ಯಾಯದಲ್ಲಿ ಅವಳಿಗೆ ಬಹಳ ಇಷ್ಟವಾದ ಒಂದು ವಾಕ್ಯವಿತ್ತು. ‘ಒಂದು ಮಗುವಿನ ಸಲುವಾಗಿ ಇನ್ನೊಂದು ಮಗುವನ್ನು ಹುಟ್ಟಿಸುವುದು, ಹುಟ್ಟುವ ಮಗುವಿಗೆ ಮಾಡುವ ಅನ್ಯಾಯ.’ ಎಷ್ಟು ತಿದ್ದಿದರೂ ಅದೊಂದನ್ನು ಅವಳು ಮುಟ್ಟಿರಲಿಲ್ಲ. ಆದರೆ ಸರ್ ಫೋನ್ ಇಟ್ಟ ದಿನದಿಂದ ಕೂತಲ್ಲಿ ಕೂರಲು ಆಗಲಿಲ್ಲ. ಅಡುಗೆಮನೆಗೂ ಪಡಸಾಲೆಗೂ ಸುಮ್ಮನೆ ತಿರುಗುವಳು, ಲ್ಯಾಪ್‌ಟಾಪ್ ತೆರೆಯುವಳು, ಮುಚ್ಚುವಳು. ಕಡೆಗೆ ಕಾಲೇಜಿನ ಗೆಳತಿ ಉಜ್ವಲಾ ನೆನಪಾದಳು. ಅಥಣಿ ಕಡೆ ನರ್ಸ್ ಆಗಿದ್ದ ಅವಳು ಒಂದು ಮನೆಯವರನ್ನು ಕೇಳಿ, ಒಪ್ಪಿಸಿ, ವಿಳಾಸ ಕೊಟ್ಟಳು. ಐಗಳಿಯ ಲಗಮಣ್ಣನ ಮನೆ. ಮೊಮ್ಮಗಳಿಗೆ ಥಲಸೇಮಿಯಾ, ಹುಟ್ಟಿನಿಂದ ಬಂದ ರಕ್ತದ ರೋಗ. ಸೊಸೆ ಈಗ ಎರಡನೆಯದಕ್ಕೆ ಬಸುರಿ.

ಚಿಕ್ಕೋಡಿಯಲ್ಲಿ ಒಂದು ಬಸ್, ಅಥಣಿಯಲ್ಲಿ ಇನ್ನೊಂದು. ಐಗಳಿ ಮುಟ್ಟುವಾಗ ಹನ್ನೊಂದು ದಾಟಿತ್ತು. ಊರ ಹೊರಗೆ ಪಡ ಎನ್ನುವ ದ್ರಾಕ್ಷಿ ತೋಟ, ಅದರಾಚೆ ಕಬ್ಬು, ನಡುವೆ ಗಟ್ಟಿಮುಟ್ಟಾದ ಆರ್‌ಸಿಸಿ ಮನೆ. ಲಗಮಣ್ಣ ಐವತ್ತೇಳರ ಆಳು. ಖುರ್ಚಿ ತೋರಿಸಿ ಊರು ಕೇಳಿದ, ಆಮೇಲೆ ಅಡ್ಡಹೆಸರು ಕೇಳಿದ.

“ಕಾಂಬಳೆ” ಎಂದಳು ನೀಲಮ.

“ಹಾಂ, ಹಾಂ” ಎಂದ, ಜಾತಿ ತಿಳಿದವನಂತೆ. ಒಳಗಿನಿಂದ ಮನೆಯವರಿಗೆಲ್ಲ ಸ್ಟೀಲ್ ಲೋಟದಲ್ಲಿ ಚಹಾ ಬಂತು, ಅವಳಿಗೆ ಕಾಗದದ ಕಪ್ಪಿನಲ್ಲಿ. ನೀಲಮ ಕುಡಿದಳು. ಇಂಥ ಕಪ್ಪು ಅವಳಿಗೆ ಹೊಸದೇನಲ್ಲ.

ಸೊಸೆ ಕೋಮಲ ಬಂದು ಕಂಬಕ್ಕೆ ಆತು ಕೂತಳು. ಮಗಳು ಪ್ರಾಂಜಲಿಗೆ ಏಳು ವರ್ಷ, ನೋಡಿದರೆ ಐದರ ಮೇಲೆ ಹೇಳಲಾಗದು. ಇಪ್ಪತ್ತು ದಿನಕ್ಕೊಮ್ಮೆ ಮಿರಜಿನ ದವಾಖಾನೆಗೆ ಕರೆದೊಯ್ದು ರಕ್ತ ಹಾಕಿಸಬೇಕು. ನೀಲಮ ಸಮ್ಮತಿ ಪತ್ರ ಓದಿ ಹೇಳಿದಳು. ಹೆಸರು ಹೊರಗೆ ಬರುವುದಿಲ್ಲ, ಬೇಡವೆನಿಸಿದಾಗ ಮಾತು ನಿಲ್ಲಿಸಬಹುದು, ಸಂಶೋಧಕಿ ಯಾವ ಸಲಹೆಯನ್ನೂ ಕೊಡುವುದಿಲ್ಲ. ಕೋಮಲ ಸಹಿ ಮಾಡಿದಳು. ಆದರೆ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವನು ಲಗಮಣ್ಣ.

“ನೋಡ್ರಿ ಬಾಯಾರ, ಡಾಕ್ಟರ್ ಸ್ವಚ್ಛ ಹೇಳ್ಯಾರ. ಒಡಹುಟ್ಟಿದ್ದ ಕೂಸಿಂದ ಮ್ಯಾಚ್ ಆತಂದ್ರ ಅದರ ಎಲುಬಿನ ರಸಾ ಹಾಕಿ ಈಕೀನ್ನ ಆರಾಮ ಮಾಡಬಹುದಂತ. ಅದಕ್ಕ ಇದು.” ಸೊಸೆಯ ಹೊಟ್ಟೆಯ ಕಡೆಗೆ ಗದ್ದ ಎತ್ತಿ ತೋರಿಸಿದ.

ನೀಲಮಳ ಪೆನ್ನು ಓಡುತ್ತಿತ್ತು. ಅವಳು ಬರೆದ ವಾಕ್ಯಕ್ಕೆ ಜೀವಂತ ಉದಾಹರಣೆಯೇ ಎದುರಿಗೆ ಸಿಕ್ಕಿತ್ತು. ಒಳಗೊಳಗೇ ಖುಷಿಯಾಯಿತು, ಮರುಕ್ಷಣವೇ ಆ ಖುಷಿಯ ಬಗ್ಗೆ ನಾಚಿಕೆಯಾಯಿತು.

ಹೊರಟಾಗ ಕೋಮಲ ಪಡದ ದಾರಿಯವರೆಗೂ ಕಳಿಸಲು ಬಂದಳು. ಮನೆ ಮರೆಯಾದದ್ದೇ ಅವಳ ದನಿ ಬದಲಾಯಿತು.

“ಅಕ್ಕಾರ, ಒಂದ್ ಕೇಳ್ತೀನಿ. ಬರೂ ಮಂಗಳವಾರ ಮಿರಜಿನ್ಯಾಗ ತಪಾಸಣಿ ಐತಿ. ಕೂಸಿಗೆ ಈ ರೋಗ ಐತೋ ಇಲ್ಲೋ ನೋಡ್ತಾರಂತ. ಇದ್ರ ಏನ್ ಮಾಡಬೇಕಂತ ನಾನೂ ಇವರೂ ಮಾತಾಡೇವಿ, ಅದ್ ನಮ್ಮ ಸಂಕಟ. ಆದ್ರ ಮಾವಾರು ಮ್ಯಾಚ್ ಸುದ್ದಾ ಈಗ ನೋಡಬೇಕಂತಾರ.”

“ನೋಡಿದ್ರ?”

“ಮ್ಯಾಚ್ ಆಗಲಿಲ್ಲಂದ್ರ? ಕೂಸು ಚಲೋ ಐತಿ, ಆದ್ರ ಮ್ಯಾಚ್ ಇಲ್ಲ. ಆವಾಗ ತಗಸು ಅಂತಾರ. ಮತ್ತೊಂದು ನೋಡೂಣು ಅಂತಾರ. ನನ್ನ ಹೊಟ್ಟಿ ಏನ್ ಲಾಟ್ರಿ ಅಂಗಡಿ ಏನ್ರಿ?” ಅವಳ ಕಣ್ಣುಗಳು ತುಂಬಿರಲಿಲ್ಲ, ಉರಿಯುತ್ತಿದ್ದವು. “ಡಾಕ್ಟರ್ ಮುಂದ ನನಗ ಬಾಯಿ ಏಳೂದಿಲ್ಲ. ನೀವು ಬರ್ರಿ. ಬಾಜೂಕ ನಿಂದರ್ರಿ, ಸಾಕು.”

ಸಲಹೆ ಕೊಡುವಂತಿಲ್ಲ ಎಂದು ಅರ್ಧ ಗಂಟೆಯ ಹಿಂದೆ ತಾನೇ ಓದಿ ಹೇಳಿದ್ದಳು ನೀಲಮ. “ನೋಡ್ತೀನಿ” ಎಂದಷ್ಟೇ ಹೇಳಿ ಬಸ್ ಹತ್ತಿದಳು. ಅಥಣಿಯ ಸ್ಟ್ಯಾಂಡಿನಲ್ಲಿ ಕಣ್ಣೆದುರೇ ಚಿಕ್ಕೋಡಿ ಬಸ್ ಒಂದು ಹೋಯಿತು, ಇನ್ನೊಂದು ಹೋಯಿತು. ಅವಳು ಹತ್ತದೆ ಅತ್ತಿಂದಿತ್ತ ತಿರುಗುತ್ತಲೇ ಇದ್ದಳು.

ಅಲ್ಲಿಂದಲೇ ಸರ್‌ಗೆ ಫೋನ್ ಹಚ್ಚಿದಳು. ಅವರು ಕೇಳಿಸಿಕೊಂಡು ಹೇಳಿದರು: “ನೀ ಕೇಳಾಕ ಹೋದಾಕಿ. ಅವರ ಜೊತಿ ದವಾಖಾನಿಗೆ ಹೋದಿಯಂದ್ರ ಆ ಸಂದರ್ಶನ ಪ್ರಬಂಧದಾಗ ಬರೂಹಂಗಿಲ್ಲ. ವಿಚಾರ ಮಾಡು.”

ಮನೆಗೆ ಬಂದಾಗ ಅವ್ವ ಸಕ್ಕುಬಾಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ನೀಲಮ ಹೆಸರು, ಊರು ಬಿಟ್ಟು ಸಂಗತಿಯನ್ನಷ್ಟೇ ಹೇಳಿದಳು. ಒಂದು ಕೂಸಿನ ಸಲುವಾಗಿ ಇನ್ನೊಂದು ಕೂಸನ್ನು ಹಡಿಯುವುದು ತಪ್ಪಲ್ಲವೇ ಎಂದು ಕೇಳಿದಳು.

ಅವ್ವ ಮೊರದಲ್ಲಿ ಜೋಳ ಕೇರುವುದನ್ನು ನಿಲ್ಲಿಸಲಿಲ್ಲ. “ನಿನ್ನ ಯಾಕ ಹಡದೇನಿ, ಗೊತ್ತೈತೇನ್ ನಿನಗ?”

“ಯಾಕ?”

“ನಿಮ್ಮಣ್ಣ ಸುಮೇಧ ಎರಡು ವರ್ಷದಾಂವ. ನಾ ಕಳೇ ತಗ್ಯಾಕ ಹೋದ್ರ ಬೆನ್ನ ಹತ್ತಿ ಬಂದು ಬಾಂವಿ ಕಡೆ ಓಡ್ತಿದ್ದ. ಇನ್ನೊಂದು ಕೂಸು ಇದ್ರ ಅದರ ಕೂಡ ಆಡಕೋತ ನಿಮ್ಮಜ್ಜಿ ಹಂತ್ಯಾಕ ಮನ್ಯಾಗ ಕುಂದರತಾನಂತ ನಿನ್ನ ಹಡದ್ನಿ. ನಿಮ್ಮಪ್ಪಗ ಒಂದ ಸಾಕಾಗಿತ್ತು.”

“ಬರೇ ಅದಕ್ಕ?”

“ಮತ್ತ? ನೀ ಪುಸ್ತಕಾ ಬರೀಲಿ ಅಂತ ಹಡೀತಾರೇನ?” ಅವ್ವ ಕಲ್ಲೊಂದನ್ನು ಆರಿಸಿ ಎಸೆದಳು. “ಹುಟ್ಟಿದ ಮ್ಯಾಲೆ ಬ್ಯಾರೆ ಮಾತು ಬಿಡು. ಹುಟ್ಟಿದ ಮ್ಯಾಲೆ ನೀನ ಬ್ಯಾರೆ, ಕಾರಣಾನ ಬ್ಯಾರೆ.”

ನೀಲಮಗೆ ನಗು ಬಂತು, ಸಿಟ್ಟೂ ಬಂತು. ಇಪ್ಪತ್ತೊಂಬತ್ತು ವರ್ಷಗಳಿಂದ ತಾನು ಅಣ್ಣನನ್ನು ಬಾವಿಯಿಂದ ತಪ್ಪಿಸುವ ಉಪಾಯವಾಗಿ ಬದುಕಿದ್ದಳು, ಮತ್ತು ಅದರಿಂದ ತನಗೆ ಅನ್ಯಾಯವಾಗಿದೆ ಎಂದು ಎಷ್ಟು ಹುಡುಕಿದರೂ ಅನಿಸಲಿಲ್ಲ. ಲ್ಯಾಪ್‌ಟಾಪ್ ತೆರೆದು ಆ ವಾಕ್ಯವನ್ನು ಓದಿದಳು. ಅಳಿಸಲು ಕೈ ಬರಲಿಲ್ಲ, ಇಡಲೂ ಮನಸ್ಸಾಗಲಿಲ್ಲ.

ಮಂಗಳವಾರ ಅವಳು ಮಿರಜಿಗೆ ಹೋದಳು.

ಕೋಮಲಳ ಜೊತೆ ಗಂಡ ವಿಶಾಲ ಬಂದಿದ್ದ. ಮಾತು ಕಡಿಮೆ ಆಡುವ ಆಳು, ಕೈಯಲ್ಲಿ ಫೈಲು ಹಿಡಿದು ಅದರ ಅಂಚನ್ನು ಮಡಿಸುತ್ತ, ಬಿಡಿಸುತ್ತ ಕೂತಿದ್ದ. ಡಾಕ್ಟರ್ ಮರಾಠಿಯವರು, ಗಡಿಯ ರೋಗಿಗಳನ್ನು ನೋಡಿ ನೋಡಿ ಕನ್ನಡವನ್ನೂ ಕಲಿತಿದ್ದರು. ಗರ್ಭದ ಮಾಸಿನಿಂದ ಸಣ್ಣ ತುಣುಕು ತೆಗೆದು ಪುಣೆಗೆ ಕಳಿಸುತ್ತೇವೆ, ಹದಿನೈದು ದಿನಕ್ಕೆ ಗೊತ್ತಾಗುತ್ತದೆ ಎಂದರು.

“ಮ್ಯಾಚ್ ಸುದ್ದಾ ನೋಡ್ರಿ ಅಂದಾನ್ರಿ ನಮ್ಮಪ್ಪ” ಎಂದ ವಿಶಾಲ.

ಕೋಮಲ ನೀಲಮಳ ಕಡೆ ನೋಡಿದಳು. ನೀಲಮಳ ತಲೆಯಲ್ಲಿ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹತ್ತು ವಾದಗಳು ಸಾಲುಗಟ್ಟಿ ನಿಂತವು. ಬಾಯಿ ತೆರೆದಳು. ಅಷ್ಟರಲ್ಲಿ ಕೋಮಲಳೇ ಮಾತಾಡಿದಳು.

“ಅದ್ ಬ್ಯಾಡ್ರಿ ಸಾಹೇಬ್ರ. ರೋಗ ಐತೋ ಇಲ್ಲೋ ಅಷ್ಟ ನೋಡ್ರಿ. ಮ್ಯಾಚ್ ಹಡದ ಮ್ಯಾಲೆ ನೋಡೂಣು.”

ಡಾಕ್ಟರ್ ವಿಶಾಲನನ್ನು ನೋಡಿದರು. “ಹೊಟ್ಟೆ ಅವರದು. ಅವರು ಬೇಡ ಅಂದರೆ ನಾನು ಮಾಡುವುದಿಲ್ಲ.”

“ಅಪ್ಪಾಗ ಏನಂತ ಹೇಳ್ಲಿ?” ವಿಶಾಲ ಹೆಂಡತಿಯನ್ನು ಕೇಳಿದ.

“ನಾ ಬ್ಯಾಡಂದೆ ಅಂತ ಹೇಳ್ರಿ.”

ಅವನು ಫೈಲು ತೆರೆದು ಸಹಿ ಮಾಡುವ ಕಾಗದವನ್ನು ಅವಳ ಮುಂದಿಟ್ಟ. ಆಮೇಲೆ ತಾನೇ ಪೆನ್ನು ತೆಗೆದು ಅವಳ ಕೈಗೆ ಕೊಟ್ಟ.

ನೀಲಮ ಅಲ್ಲಿ ಏನೂ ಮಾಡಿರಲಿಲ್ಲ. ಪಕ್ಕದಲ್ಲಿ ನಿಂತಿದ್ದಳು, ಅಷ್ಟೇ. ಆದರೂ ಕಾಗವಾಡ ದಾಟಿ ಬಸ್ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವಾಗ ಅವಳ ಕಾಲು ಒಂದೇ ಸಮನೆ ಅಲ್ಲಾಡುತ್ತಿತ್ತು. ತಾನು ನಿಲ್ಲದೇ ಹೋಗಿದ್ದರೆ ಆಕೆ ಆ ಮಾತು ಆಡುತ್ತಿದ್ದಳೇ?

ಹದಿನೈದು ದಿನ ಅವಳಿಗೆ ಓದೂ ಸಾಗಲಿಲ್ಲ, ನಿದ್ದೆಯೂ ನೆಟ್ಟಗಾಗಲಿಲ್ಲ. ಹದಿನಾರನೆಯ ದಿನ ಕೋಮಲಳ ಫೋನ್ ಬಂತು. ಕೂಸಿಗೆ ರೋಗವಿಲ್ಲ, ತಂದೆತಾಯಿಗಳ ಹಾಗೆ ರಕ್ತದಲ್ಲಿ ಅದರ ಗುರುತಷ್ಟೇ ಇದೆ, ಅದರಿಂದ ತೊಂದರೆಯಿಲ್ಲ. ಕೋಮಲ ಅಳುತ್ತಿದ್ದಳು, ನಗುತ್ತಿದ್ದಳು. ಒಂದು ಗಂಟೆ ಕಳೆದ ಮೇಲೆ ಅದೇ ನಂಬರಿನಿಂದ ಲಗಮಣ್ಣ ಮಾತಾಡಿದ.

“ನೀ ಕಲಿಸಿ ಕೊಟ್ಟಿ ಅಕೀಗೆ.”

“ಇಲ್ರಿ ಕಾಕಾ, ನಾ ಏನೂ—”

“ಬಾ, ಎದುರಿಗೆ ಮಾತಾಡು.”

ಹೋಗಬೇಡ ಎಂದ ಭರಮು. ಅವಳು ಹೋದಳು. ಲಗಮಣ್ಣ ಪಡದಲ್ಲಿ ಬಳ್ಳಿಯ ಕಡ್ಡಿ ಸವರುವ ಆಳುಗಳ ನಡುವೆ ನಿಂತಿದ್ದ. ಬೈಯುತ್ತಾನೆಂದು ಗಟ್ಟಿಯಾಗಿ ನಿಂತಳು. ಅವನು ಅಂಗಿಯ ತೋಳು ಮಡಿಸಿ ಮೊಣಕೈಯ ಒಳಭಾಗವನ್ನು ಅವಳ ಮುಂದೆ ಹಿಡಿದ. ಅಲ್ಲಿ ಸೂಜಿ ಚುಚ್ಚಿದ ಹಳೆಯ ಕಲೆಗಳು.

“ವರ್ಷಕ್ಕ ಮೂರು ಸಲ ನಾ ರಕ್ತಾ ಕೊಡ್ತೀನಿ. ಉಳದದ್ದಕ್ಕ ಊರ ಹುಡುಗ್ರ ಕೈಕಾಲು ಹಿಡೀತೀನಿ. ಸೂಜಿ ಕಂಡ್ರ ಪ್ರಾಂಜಲಿ ಅಳೂದಿಲ್ಲೀಗ, ಕೈ ತಾನ ಚಾಚತೈತಿ ಕೂಸು. ಅದನ್ನ ನೋಡಾಕ ನನಗ ಆಗೂದಿಲ್ಲ.” ಅವನು ತೋಳು ಇಳಿಸಲಿಲ್ಲ. “ನಿನ್ನ ಪುಸ್ತಕದಾಗ ನಂದ ತಪ್ಪಂತ ಬರೀತಿ?”

ನೀಲಮ ಆ ಕಲೆಗಳನ್ನು ನೋಡಿದಳು. ಕೋಮಲಳ ಹೊಟ್ಟೆಯನ್ನು ಲಾಟರಿ ಮಾಡಲು ಹೊರಟವನೂ ಇವನೇ, ಈ ಕೈಯೂ ಇವನದೇ. ಎರಡನ್ನೂ ಒಂದು ವಾಕ್ಯದಲ್ಲಿ ಹೇಗೆ ಬರೆಯುವುದು?

“ನಿಮ್ಮ ಮನೀದು ನಾ ಏನೂ ಬರಿಯೂದಿಲ್ರಿ ಕಾಕಾ” ಎಂದಳು.

“ಬರಿ ಅಂದೆ ನಾ. ಹುಡುಗಿ ಕೈ ಚಾಚೂದನ್ನ ಬರಿ” ಎಂದು ಅವನು ಆಳುಗಳ ಕಡೆ ತಿರುಗಿದ.

ಆದರೆ ಮಿರಜಿಗೆ ಜೊತೆಗೆ ಹೋಗಿ ಬಂದ ಮೇಲೆ ಅದನ್ನು ಪ್ರಬಂಧದಲ್ಲಿ ಬರೆಯುವಂತಿರಲಿಲ್ಲ. ಐಗಳಿಯ ಟಿಪ್ಪಣಿಗಳನ್ನು ಅವಳು ಪ್ರಬಂಧದಿಂದ ತೆಗೆದಳು, ಅದರೊಂದಿಗೆ ಆ ವಾಕ್ಯವನ್ನೂ ತೆಗೆದಳು. ಹೊಸದಾಗಿ ಬರೆದ ಅಧ್ಯಾಯದಲ್ಲಿ ತೀರ್ಮಾನಕ್ಕಿಂತ ಪ್ರಶ್ನೆಗಳೇ ಹೆಚ್ಚಾದವು. ಹುಟ್ಟಿಸುವ ಕಾರಣದಲ್ಲಿ ತಪ್ಪು ಇರುತ್ತದೆಯೋ, ಕಾರಣ ಈಡೇರದೇ ಹೋದಾಗ ಕೂಸಿನೊಡನೆ ನಾವು ನಡೆದುಕೊಳ್ಳುವುದರಲ್ಲಿಯೋ? ಮುರಗೆಪ್ಪ ಸರ್ ಓದಿ, “ಮೊದಲಿಂದು ಗಟ್ಟಿ ಇತ್ತು. ಇದು ಅಳ್ಳಕ ಐತಿ, ಆದ್ರ ಖರೆ ಐತಿ. ಇನ್ನೊಂದು ವರ್ಷ ಬೇಕಾಗತೈತಿ ನಿನಗ” ಎಂದರು. ಅವಳು ನಿಪ್ಪಾಣಿ, ರಾಯಬಾಗ ಎಂದು ಬೇರೆ ಮನೆಗಳನ್ನು ಹುಡುಕಿ ತಿರುಗಿದಳು.

ಬೇಸಿಗೆಯಲ್ಲಿ ಕೋಮಲ ಗಂಡು ಕೂಸು ಹಡೆದಳು. ತಿಂಗಳು ಕಳೆದು ಮ್ಯಾಚ್ ತಪಾಸಣೆಯ ರಿಪೋರ್ಟ್ ಬಂದ ದಿನ ನೀಲಮ ರಾಯಬಾಗದ ಸ್ಟ್ಯಾಂಡಿನಲ್ಲಿದ್ದಳು. ಫೋನಿನಲ್ಲಿ ಮೊದಲು ಕೇಳಿಸಿದ್ದು ಕೂಸಿನ ಅಳು.

“ಆಗಲಿಲ್ಲಕ್ಕಾರ” ಎಂದಳು ಕೋಮಲ. “ಮ್ಯಾಚ್ ಆಗಲಿಲ್ಲ.”

ನೀಲಮ ಹತ್ತಿರದ ಕಲ್ಲುಬೆಂಚಿನ ಮೇಲೆ ಕೂತಳು. “ಕಾಕಾ ಏನಂದ್ರು?”

“ಏನೂ ಅನ್ನಲಿಲ್ಲ. ಕಾಗದಾ ನೋಡಿ ಮಡಚಿ ಇಟ್ರು. ಕೂಸು ಒಂದ ಸವನ ಅಳಾಕತ್ತಿತ್ತು, ಅದನ್ನ ಎತಗೊಂಡು ಪಡದಾಗ ಒಂದು ಸುತ್ತ ಹಾಕ್ಯಾರ. ಈಗ ಪ್ರಾಂಜಲೀನ್ನ ಕರಕೊಂಡು ಮಿರಜಿಗೆ ಹೋದ್ರು. ಇವತ್ತ ರಕ್ತದ ದಿನ ಅಲ್ಲೇನ್ರಿ.” ಆಮೇಲೆ ಕೇಳಿದಳು: “ಅಕ್ಕಾರ, ನಾ ಅವತ್ತ ತಪ್ಪ ಮಾಡಿದ್ನೇನ್ರಿ?”

“ಇಲ್ಲ” ಎಂದಳು ನೀಲಮ, ಸಲಹೆ ಕೊಡಬಾರದವಳು. ಆ ಮಾತು ಇಷ್ಟು ಬೇಗ ಬಾಯಿಂದ ಬಂದದ್ದಕ್ಕೆ ತಾನೇ ಬೆಚ್ಚಿದಳು. ಆಚೆ ಕೂಸು ಇನ್ನೂ ಅಳುತ್ತಿತ್ತು. ಹಾಲು ಕುಡಿಸಬೇಕು ಎಂದು ಕೋಮಲ ಫೋನ್ ಇಟ್ಟಳು. ಚಿಕ್ಕೋಡಿ ಬಸ್ ಬಂದು ನಿಂತಿತು. ನೀಲಮ ಎದ್ದಳು, ಬಾಗಿಲವರೆಗೆ ಹೋದಳು, ಮತ್ತೆ ಹಿಂದೆ ಬಂದು ಚೀಲದಿಂದ ನೋಟ್‌ಬುಕ್ ತೆಗೆದು ಕೈ ಚಾಚುವ ಆ ಹುಡುಗಿಯ ಬಗ್ಗೆ, ಪ್ರಬಂಧಕ್ಕಲ್ಲದೆ, ನಿಂತುಕೊಂಡೇ ಬರೆಯತೊಡಗಿದಳು.