ತೊಂಬತ್ತೇಳೋ, ತೊಂಬತ್ತೆಂಟೋ

ತೊಂಬತ್ತೇಳರ ತನಕ ಎಲ್ಲಾ ಸರಿಯಾಗಿಯೇ ಇತ್ತು. ಅಲ್ಲಿಗೆ ಬಂದು ಪ್ರಾಣೇಶನ ಹೆಬ್ಬೆರಳು ಗೆಣ್ಣಿನ ಮೇಲೆ ತಡೆದು ನಿಂತಿತು. ಇದು ತೊಂಬತ್ತೇಳೋ, ತೊಂಬತ್ತೆಂಟೋ? ನೂರೆಂಟು ಗಾಯತ್ರಿಯಲ್ಲಿ ಒಂದು ಹೆಚ್ಚುಕಮ್ಮಿಯಾದರೆ ಆಕಾಶ ಕಳಚಿ ಬೀಳುವುದಿಲ್ಲ, ನಾಲ್ಕು ಹೆಚ್ಚಿಗೆ ಹೇಳಿ ಎದ್ದರೆ ದೇವರು ಬೇಡ ಅನ್ನುವುದೂ ಇಲ್ಲ. ಅವನಿಗೂ ಅದು ಗೊತ್ತಿತ್ತು. ಗೊತ್ತಿದ್ದು ಏನು ಬಂತು? ಎಣಿಕೆ ತಪ್ಪಿದರೆ ಮಗಳಿಗೆ ಏನೋ ಆಗುತ್ತದೆ ಎಂಬ ಹಾಳು ಯೋಚನೆ ಬಂದು ಎದೆಯಲ್ಲಿ ಗಿರಗಿರ ಸುತ್ತತೊಡಗಿತು. ಮತ್ತೆ ಒಂದರಿಂದ ಶುರುಮಾಡಿದ. ಅವತ್ತು ಬೆಳಿಗ್ಗೆ ಅದು ಐದನೆಯ ಸಲ.

ಆ ಮಗಳು, ಹತ್ತು ವರ್ಷದ ಶ್ರೀವಲ್ಲಿ, ದೇವರಮನೆಯ ಹೊಸ್ತಿಲಾಚೆ ಕಂಪಾಸ್ ಡಬ್ಬಿ, ಹಾಲ್ ಟಿಕೆಟ್ ಹಿಡಿದು ನಿಂತಿದ್ದಳು. ದೇವದುರ್ಗದಲ್ಲಿ ಅವಳಿಗೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ. ಹನ್ನೊಂದಕ್ಕೆ ಗೇಟು ಹಾಕಿದರೆ ಮುಗಿಯಿತು, ಇನ್ನೊಂದು ಅವಕಾಶವಿಲ್ಲ. ರಾಯಚೂರಿನಿಂದ ಎಂಟರ ಬಸ್ಸು ಹಿಡಿಯುವುದೆಂದು ಹಿಂದಿನ ದಿನವೇ ಮಾತಾಗಿತ್ತು. ಈಗ ಗಡಿಯಾರ ಎಂಟೂ ಕಾಲು ತೋರಿಸುತ್ತಿತ್ತು. ಮಡಿಯಲ್ಲಿ ಕೂತ ಅಪ್ಪನನ್ನು ಮುಟ್ಟಿ ಎಬ್ಬಿಸುವಂತಿಲ್ಲ. ಕೂಗಿದರೆ ಎಣಿಕೆ ತಪ್ಪಿ ಮತ್ತೆ ಒಂದರಿಂದ. ಪಾಪ, ಹುಡುಗಿ ಉಸಿರು ಬಿಗಿಹಿಡಿದು ಅಪ್ಪನ ಬೆರಳನ್ನೇ ನೋಡುತ್ತಿದ್ದಳು.

"ಅವಸರ ಮಾಡಬ್ಯಾಡ ಪುಟ್ಟಿ," ಅಂದರು ಅಜ್ಜಿ ಸತ್ಯಭಾಮಾಬಾಯಿ, ಹೂಬತ್ತಿ ಹೊಸೆಯುತ್ತಾ. "ನಿಮ್ಮಪ್ಪನಂಥಾ ನಿಷ್ಠಿ ಈ ಕಾಲದಾಗ ಯಾರಿಗದ ಹೇಳು? ಒಂದಕ್ಷರ ತಪ್ಪಿದರ ಮೊದಲಿಂದ ಮಾಡ್ತಾನ. ನೋಡಿ ಕಲಕೋ."

ಮನೆಯ ಮಾತಷ್ಟೇ ಅಲ್ಲ, ಊರ ಮಾತೂ ಅದೇ. ಬೇರೆಯವರಿಗೆ ಅರ್ಧ ತಾಸಿನಲ್ಲಿ ಮುಗಿಯುವ ಸಂಧ್ಯಾವಂದನೆ ಪ್ರಾಣೇಶನಿಗೆ ಎರಡು ತಾಸು, ಒಮ್ಮೊಮ್ಮೆ ಮೂರು. ಹೋದ ವರ್ಷ ಮಾನ್ವಿಯ ಬಂಧುಗಳು ಆರಾಧನೆಯ ದಿನ ಅವನನ್ನು ಮುಂದೆ ಕೂಡಿಸಿ, ಸದಾಚಾರಿ ಎಂದು ಹೊಗಳಿ, ಶಾಲು ಹೊದಿಸಿದ್ದರು. ಆ ಶಾಲಿನೊಳಗೆ ಅವನು ಬೆವರುತ್ತಾ, ಬೆಳಿಗ್ಗೆ ಕೊಟ್ಟ ಅರ್ಘ್ಯ ಮೂರೋ ಎರಡೋ ಎಂದು ಒದ್ದಾಡುತ್ತಿದ್ದ.

ಇನ್ನು ಇವನ ಉದ್ಯೋಗವೇನು ಕೇಳಿ. ಕಾಲೇಜಿನಲ್ಲಿ ಮನಃಶಾಸ್ತ್ರದ ಉಪನ್ಯಾಸಕ! ಬುದ್ಧಿಶಕ್ತಿ ಎಂದರೇನು, ಮನೋರೋಗಗಳು ಎಷ್ಟು ಬಗೆ ಎಂದು ಹದಿನೆಂಟು ವರ್ಷದಿಂದ ಪಾಠ ಹೇಳುತ್ತಿದ್ದಾನೆ. ಬೇಡವೆಂದರೂ ನುಗ್ಗುವ ಯೋಚನೆ, ಅದನ್ನು ತಣಿಸಲು ಮಾಡಿದ್ದನ್ನೇ ಮಾಡುವ ಒತ್ತಾಯ, ಇವೆರಡೂ ಸೇರಿದರೆ ಗೀಳು ರೋಗ. ಇದನ್ನು ಅವನು ಪುಸ್ತಕ ನೋಡದೆ ಹೇಳಬಲ್ಲ. ಊರಿಗೆಲ್ಲಾ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಯಲ್ಲಿ ಬಿತ್ತಂತೆ.

ಹೆಂಡತಿ ಶ್ರೀಲಕ್ಷ್ಮೀ ಒಮ್ಮೆ ಬಾಯಿಬಿಟ್ಟು ಹೇಳಿಯೂ ಇದ್ದಳು, "ಒಂದ್ಸಲ ಡಾಕ್ಟರಿಗೆ ತೋರಸೋಣ್ರೀ." ಪ್ರಾಣೇಶ ಸಿಡುಕಿದ್ದ: "ಏನು, ಸಂಧ್ಯಾವಂದನಿಗೂ ಗುಳಿಗಿ ತಗೋಬೇಕೇನು?" ಅವಳು ಆಮೇಲೆ ಆ ಮಾತು ಎತ್ತಲಿಲ್ಲ. ಮಾನ್ವಿಯ ಶಾಲೆಯಲ್ಲಿ ಟೀಚರು. ಅವತ್ತೂ ಏಳಕ್ಕೇ ಬಸ್ಸು ಹತ್ತಿದ್ದಳು, ಹೋಗುವಾಗ "ಇವತ್ತರೆ ಲಗೂ ಏಳ್ರಿ" ಎಂದು ಕೈಮುಗಿದು ಹೋಗಿದ್ದಳು.

ಹೆಂಡತಿಯ ಬಾಯಿ ಮುಚ್ಚಿಸಬಹುದು, ತರಗತಿಯ ಹುಡುಗಿಯ ಬಾಯಿ ಮುಚ್ಚಿಸುವುದು ಹೇಗೆ? ಹೋದ ವಾರ ಇದೇ ಪಾಠ ನಡೆದಾಗ ದೇವದುರ್ಗದ ಅನ್ನಪೂರ್ಣ ಎದ್ದು ನಿಂತಿದ್ದಳು. ಕೂಲಿ ಮಾಡುವವರ ಮನೆಯ ಹುಡುಗಿ, ಮಾತು ನೆಟ್ಟಗೆ.

"ಸರ್, ನಮ್ಮಜ್ಜ ತಾಯಪ್ಪ ಕೀಲಿ ಹಾಕಿ ನಲವತ್ತು ಸಲ ಜಗ್ಗಿ ಜಗ್ಗಿ ನೋಡ್ತಿದ್ದ್ರೀ. ಊರಾಗ ಹುಚ್ಚ ಅಂದ್ರು. ದೆವ್ವ ಬಡಕೊಂಡಾದ ಅಂತ ಬೇವಿನ ತಪ್ಪಲದಾಗ ಬಡಿದ್ರು. ಕಡೀಕ ರಾಯಚೂರಾಗ ಡಾಕ್ಟರು ಗುಳಿಗಿ ಕೊಟ್ಟು, ಜಗ್ಗಲಾರದಂಗ ಎದ್ದು ಹೋಗೋದು ರೂಢಿ ಮಾಡಿಸಿದ್ರು. ಈಗ ಒಂದ ಸಲ ಜಗ್ತಾನ. ಸರ್, ಈ ಜಡ್ಡು ದೊಡ್ಡವರ ಮನ್ಯಾಗ ಬರಂಗಿಲ್ಲೇನ್ರೀ?"

ತರಗತಿ ನಕ್ಕಿತು. ಪ್ರಾಣೇಶನೂ ನಕ್ಕು, "ಮುಂದಿನ ಪುಟ ತಗೀರಿ" ಅಂದ. ಆದರೆ ಅವತ್ತಿನಿಂದ ಆ ಪ್ರಶ್ನೆ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಅದೇ ರೋಗ, ತಾಯಪ್ಪನಿಗೆ ಬೇವಿನ ಏಟು, ಇವನಿಗೆ ಶಾಲು.

ಅಂತೂ ಎದ್ದದ್ದು ಒಂಬತ್ತಕ್ಕೆ. ಅರ್ಧ ಹಚ್ಚಿದ ಗೋಪೀಚಂದನದಲ್ಲೇ ಅಂಗಿ ತೊಟ್ಟು, ಮಗಳನ್ನು ಎಳೆದುಕೊಂಡು ಓಡಿ, ಹೊರಟ ಬಸ್ಸನ್ನು ಕೈ ಅಡ್ಡ ಹಾಕಿ ನಿಲ್ಲಿಸಿ ಹತ್ತಿದ. ಕಂಡಕ್ಟರು ಬೈದದ್ದು ಕೇಳಿಸಲೇ ಇಲ್ಲ. ಗಬ್ಬೂರು ಬರುವಷ್ಟರಲ್ಲಿ ಮಗಳ ಚೀಲ ಆರು ಸಲ ತೆಗೆಸಿ ನೋಡಿದ್ದ.

"ಹಾಲ್ ಟಿಕೆಟ್ ಅದ ಇಲ್ಲ?"

"ಅದ ಅಪ್ಪಾ."

"ಇನ್ನೊಮ್ಮೆ ನೋಡು."

ಅವಳು ಇನ್ನೊಮ್ಮೆ ನೋಡಿದಳು. ಅವನು ಸುಮ್ಮನಾದ ಮೇಲೂ ತಾನೇ ಜಿಪ್ಪು ಎಳೆದು ಮತ್ತೆರಡು ಸಲ ನೋಡಿದಳು. ಪ್ರಾಣೇಶ ಅದನ್ನು ಕಂಡ. ಜಾಣ ಹುಡುಗಿ, ಹುಷಾರಿಯಿಂದ ಇದ್ದಾಳೆ ಅಂದುಕೊಂಡ. ಕಣ್ಣೆದುರಿಗೇ ಇದ್ದದ್ದು ಕಾಣಲಿಲ್ಲ ಅಂದರೆ ಇದೇ ನೋಡಿ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಶ್ರೀವಲ್ಲಿ ಗೇಟು ದಾಟಿದಳು. ಬೇವಿನ ಮರದ ಕೆಳಗೆ ಕುಸಿದು ಕೂತ ಪ್ರಾಣೇಶನಿಗೆ ಹೋದ ಜೀವ ಬಂದಂತಾಯಿತು. ಇನ್ನು ಚಿಂತೆಯಿಲ್ಲ. ಪತ್ರಿಕೆಯಲ್ಲಿ ಅರ್ಧಕ್ಕರ್ಧ ಬುದ್ಧಿಶಕ್ತಿಯ ಪ್ರಶ್ನೆಗಳು: ಗುಂಪಿಗೆ ಸೇರದ ಚಿತ್ರ ಯಾವುದು, ಸಾಲಿನಲ್ಲಿ ಮುಂದಿನ ಸಂಖ್ಯೆ ಯಾವುದು. ಆರು ತಿಂಗಳು ಅವನೇ ಕೂಡಿಸಿ ಕಲಿಸಿದ್ದ. ಮನೆಯಲ್ಲಿ ನಲವತ್ತಕ್ಕೆ ಮೂವತ್ತೆಂಟರ ಕೆಳಗೆ ಇಳಿದವಳಲ್ಲ.

ಒಂದು ಗಂಟೆಗೆ ಮಕ್ಕಳು ಗದ್ದಲ ಮಾಡುತ್ತಾ ಹೊರಬಿದ್ದವು. ಶ್ರೀವಲ್ಲಿ ಎಲ್ಲರಿಗಿಂತ ಕೊನೆಗೆ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಎಷ್ಟು ಮಾಡ್ದಿ ಪುಟ್ಟಿ?"

"ಹನ್ನೊಂದು."

"ಎಂಬತ್ತರಾಗ? ಉಳಿದವು ಬರಲಿಲ್ಲೇನು?"

"ಎಲ್ಲಾ ಬರ್ತಿದ್ವು ಅಪ್ಪಾ." ಅವಳು ಕಂಪಾಸ್ ಡಬ್ಬಿಯನ್ನು ಎದೆಗೊತ್ತಿ ಹಿಡಿದಳು. "ಎರಡನೇದು ಮಾಡಬೇಕಾದ್ರ, ಮೊದಲನೇದು ತಪ್ಪಾಗ್ಯದೋ ಏನೋ ಅನಸ್ತು. ಹಿಂದಕ್ಕ ಹೋಗಿ ನೋಡಿದೆ, ಸರಿ ಇತ್ತು. ಮೂರನೇದಕ್ಕ ಬಂದೆ, ಮತ್ತ ಅನಸ್ತು. ಪ್ರತಿ ಸಲ ಒಂದರಿಂದ ನೋಡಿಕೋತ ಬಂದೆ. ಗಂಟಿ ಹೊಡದೇ ಬಿಟ್ಟರು."

"ಹಿಂಗ ಯಾವಾಗಿಂದ ಆಗಲಿಕತ್ತದ?"

"ದೀಪಾವಳಿಯಿಂದ. ಸಂಜೀಕ ಶ್ಲೋಕ ಹೇಳ್ತೀನಲ್ಲ, ಆವಾಗನೂ. ನಾ ತಪ್ಪಿದರ ನಿನಗೇನರ ಆಗ್ತದ ಅನಸ್ತದ ಅಪ್ಪಾ. ಅದಕ್ಕ ಮತ್ತ ಮೊದಲಿಂದ ಹೇಳ್ತೀನಿ." ಕಣ್ಣೊರೆಸಿಕೊಂಡು ಕೇಳಿದಳು, "ನೀನೂ ಹಂಗ ಮಾಡ್ತಿಯಲ್ಲ? ಅಜ್ಜಿ ಅಂದ್ಲು, ಅದು ನಿಷ್ಠಿ ಅಂತ."

ಯಾರಿಗೆ ಏನೂ ಆಗದಿರಲಿ ಎಂದು ವರ್ಷಗಟ್ಟಲೆ ಒಂದರಿಂದ ಎಣಿಸಿದನೋ, ಅವಳಿಗೇ ಇದು ಆಗಿತ್ತು. ರಕ್ತದಲ್ಲಿ ಬಂತೋ, ನೋಡಿ ಕಲಿತದ್ದೋ? ಪುಸ್ತಕದಲ್ಲಿ ಎರಡಕ್ಕೂ ಪುಟಗಟ್ಟಲೆ ವಿವರಣೆಯಿದೆ, ಅವನೇ ಓದಿ ಹೇಳಿದ್ದಾನೆ. ಹೊಸ ಸನ್ನಿವೇಶಕ್ಕೆ ಹೊಂದಿಕೊಳ್ಳುವುದೇ ಬುದ್ಧಿಶಕ್ತಿ ಎಂದು ಬೋರ್ಡಿನ ಮೇಲೆ ಬರೆದಿದ್ದಾನೆ. ತನ್ನ ಬುದ್ಧಿಯನ್ನೆಲ್ಲಾ ಅವನು ಖರ್ಚು ಮಾಡಿದ್ದು ಮಾತ್ರ ರೋಗಕ್ಕೆ ಒಳ್ಳೆಯ ಹೆಸರಿಡುವುದಕ್ಕೆ. ನಾಚಿಕೆಯಿಂದ, ಸಂಕಟದಿಂದ ಅವನ ಕಣ್ಣು ತುಂಬಿದವು.

"ಅದು ನಿಷ್ಠಿ ಅಲ್ಲ ಪುಟ್ಟಿ," ಅಂದ. "ಅದೊಂದು ಜಡ್ಡು. ನನಗದ. ನಿನ್ನ ತಪ್ಪು ಏನೂ ಇಲ್ಲ."

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಫೋನು ತೆಗೆದ. ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅನ್ನಪೂರ್ಣಳ ನಂಬರಿತ್ತು. ಒತ್ತುವ ಮೊದಲು ಆ ಹತ್ತು ಅಂಕಿಗಳನ್ನು ಮೂರು ಸಲ ನೋಡಿದ. ನಾಲ್ಕನೆಯ ಸಲ ನೋಡಬೇಕೆನಿಸಿತು, ಹಲ್ಲುಕಚ್ಚಿ ಒತ್ತಿಬಿಟ್ಟ.

"ಅನ್ನಪೂರ್ಣ, ನಾನವ್ವ, ಪ್ರಾಣೇಶ ಸರ್. ನಿಮ್ಮಜ್ಜನ್ನ ಯಾವ ಡಾಕ್ಟರಿಗೆ ತೋರಿಸಿದ್ರಿ?"

"ಯಾಕ್ರೀ ಸರ್? ಯಾರಿಗೆ ಬೇಕಾಗ್ಯದ್ರೀ?"

ಶ್ರೀವಲ್ಲಿ ಅವನ ಮುಖವನ್ನೇ ನೋಡುತ್ತಿದ್ದಳು. ಯಾರೋ ಪರಿಚಯದವರಿಗೆ ಎಂಬ ಸುಳ್ಳು ನಾಲಗೆಯ ತುದಿಗೇ ಬಂದಿತ್ತು.

"ನನಗವ್ವ," ಅಂದ. "ನನಗೂ, ನನ್ನ ಮಗಳಿಗೂ."

ಆ ಕಡೆಯಿಂದ ಹುಡುಗಿ ಮೆತ್ತಗೆ ಹೇಳಿದಳು, "ರಾಯಚೂರಾಗ ದೊಡ್ಡ ದವಾಖಾನ್ಯಾಗ ಸೋಮವಾರ ಮುಂಜಾನಿ ಎಂಟಕ್ಕ ಚೀಟಿ ಕೊಡ್ತಾರ್ರೀ ಸರ್. ತಡ ಆದ್ರ ಸಿಗಂಗಿಲ್ಲ. ಲಗೂ ಬರ್ರಿ, ಅಜ್ಜನ್ನ ಕರಕೊಂಡು ನಾನೂ ಅಲ್ಲೇ ಇರ್ತೀನಿ."

ಫೋನಿಗೆ ಕಿವಿಗೊಟ್ಟಿದ್ದ ಶ್ರೀವಲ್ಲಿ ಅವನು ಇಟ್ಟ ಮೇಲೆ ಕೇಳಿದಳು, "ಎಂಟಕ್ಕ ಅಂದ್ರ ನಿನ್ನ ಜಪ ಮುಗಿದಿರಂಗಿಲ್ಲಲ್ಲ ಅಪ್ಪಾ? ಎಣಿಕಿ ತಪ್ಪಿದ್ರ?"

"ತಪ್ಪಲಿ," ಅಂದ ಪ್ರಾಣೇಶ. ಅನ್ನುತ್ತಿದ್ದಂತೆಯೇ ಎದೆಯಲ್ಲಿ ಗಿರಗಿರ ಶುರುವಾಯಿತು, ಹೆಬ್ಬೆರಳು ಗೆಣ್ಣು ಹುಡುಕತೊಡಗಿತು. ಅವನು ಆ ಎಣಿಸುವ ಕೈಯನ್ನೇ ಮಗಳ ಕೈಯೊಳಗಿಟ್ಟ. ಅವಳು ಗಟ್ಟಿಯಾಗಿ ಹಿಡಿದುಕೊಂಡಳು.