ಜಾಲಿಮರದ ಬುಡದ ಸ್ವಾಂಪ್

ಬೂಟಿನ ಮೇಲೆ ಬಿಸಿಲು ಹೊಳೆಯಿತು, ಕೆಂಚನಗುಡ್ಡದ ಹೊಳೆದಂಡೆಗೆ ಯಾರಾದರೂ ಬೂಟು ಹಾಕಿಕೊಂಡು ಬರುತ್ತಾರೆಯೇ, ಬರುತ್ತಾನೆ, ಮೈದುನ ಮಾರೆಣ್ಣ ಬರುತ್ತಾನೆ, ಬಳ್ಳಾರಿಯಲ್ಲಿ ನಾಲ್ಕಕ್ಷರ ಇಂಗ್ಲಿಷ್ ಕಲಿತು, ಹೊಸ ಕಾಲುವೆ ಅಳೆಯಲು ಬಂದ ಮದ್ರಾಸಿನ ಸಾಹೇಬನಿಗೆ ಊರವರ ಮಾತು ತಿಳಿಸಿಕೊಡುವವನು — ಬದುವಿನ ಮೇಲೆ ನಿಂತ ವಿರೂಪಮ್ಮನ ಕಿವಿಗೆ ಅದೇ ಮಾತು ಮತ್ತೆ ಬಡಿಯಿತು, ಸ್ವಾಂಪ್ ಸರ್, ಫುಲ್ ಸ್ವಾಂಪ್. ಹಂಗಂದ್ರೇನೋ ಎಂದು ಬೆಳಿಗ್ಗೆ ಕೇಳಿದ್ದಕ್ಕೆ ನಕ್ಕಿದ್ದ, ಹುದುಲು ಅತ್ತಿಗಿ, ಕಾಲಿಟ್ರ ನುಂಗೋ ನೆಲ, ಸಾಹೇಬ ಹಂಗಂತ ಬರಕೊಂಡ್ರ ನಿನ್ನ ಹೊಲ ಸರಕಾರಕ್ಕ ಹೋಗತೈತಿ. ಆಮೇಲೆ ಗುತ್ತಿಗೆ ಯಾರಿಗೆ ಎಂಬುದನ್ನು ಅವನ ಮೀಸೆಯೇ ಹೇಳುತ್ತಿತ್ತು. ಸಿರುಗುಪ್ಪದ ಸಂತೆಯಲ್ಲಿ ಆ ಮಾತನ್ನು ಇವಳಿಗೂ ಹಚ್ಚಿದ್ದನಂತೆ, ನಮ್ಮತ್ತಿಗಿನೂ ಸ್ವಾಂಪ್ ಇದ್ದಂಗ, ನಮ್ಮಣ್ಣನ್ನ ನುಂಗಿ ನೀರು ಕುಡದ್ಲು. ನುಂಗಿದಳೇ, ಜ್ವರದ ಗಂಡನ ಬಾಯಿಗೆ ಗಂಜಿ ಬಿಟ್ಟವಳು ಯಾರು, ಅಣ್ಣನ ಮಣ್ಣಿಗೂ ಬರಲಿಲ್ಲವಲ್ಲೋ ನೀನು, ನಿನ್ನ ಬಾಯಿಗೆ ಈ ಕೆಸರೇ ತುಂಬಲಿ. ಗಂಡ ಪಕ್ಕೀರಪ್ಪ ಕಲಿಸಿಹೋದ ಕೆಲಸ, ಬೇಸಿಗೆಗೊಂದು ಸಾಲು, ಜೊಂಡು ಕೊಯ್ದು ಹೊರೆ ಕಟ್ಟಿ ಹುದುಲಿನೊಳಗೆ ತುಳಿಯುವುದು, ಮೇಲೆ ಮಸಾರಿ ಮಣ್ಣು ಸುರಿದು ಮತ್ತೆ ತುಳಿಯುವುದು, ಸೊಂಟದವರೆಗೆ ಕೆಸರು, ತೊಡೆಗೆ ಜಿಗಣೆ, ಹಾಗೆ ಸಾಲುಸಾಲಾಗಿ ಗಟ್ಟಿಯಾದ ನೆಲದಲ್ಲಿ ಭತ್ತ ನಿಂತಿದೆ, ಸಾಹೇಬನಿಗೂ ಕಾಣುತ್ತಿದೆ, ಕಂಡೇ ಹುಬ್ಬು ಗಂಟಿಕ್ಕಿದ್ದಾನೆ, ಅದಕ್ಕೇ ಮಾರೆಣ್ಣ ಪ್ಯಾಂಟು ಮಡಚುತ್ತಿದ್ದಾನೆ, ಸೀ ಸರ್, ಸೀ, ತಾನೇ ಕಾಲು ಹೂತು ತೋರಿಸುತ್ತಾನಂತೆ. ಜಾಲಿಮರದ ಕಡೆಗೇ ಹೊರಟ. ಆ ಜಾಗ ಮರೆಯುವನೇ, ಅವಳು ಮದುವೆಯಾಗಿ ಬಂದ ವರ್ಷ ಎಮ್ಮೆ ಅಲ್ಲೇ ಮುಳುಗಿತ್ತು, ಎರಡು ಕೊಂಬು ಮಾತ್ರ ಮೇಲೆ, ಆಗಿನ್ನೂ ಚಿಕ್ಕವನು ಮಾರೆಣ್ಣ, ಇವಳ ಸೆರಗು ಹಿಡಿದು ಅತ್ತಿದ್ದ, ಅಳಬ್ಯಾಡೋ ನನ್ನಪ್ಪಾ ಎಂದಿದ್ದಳು, ಥೂ — ಈಗ ಕೊಂಬೆ ಹಿಡಿದು ಮೊಳಕಾಲುದ್ದ ಇಳಿದರೆ ಅವನ ಕೆಲಸ ಮುಗಿಯಿತು. ಊರು ಬಿಟ್ಟವನಿಗೆ ಗೊತ್ತಿಲ್ಲ, ಈ ಬೇಸಿಗೆಯ ಸಾಲು ಬಿದ್ದಿರುವುದು ಅಲ್ಲೇ. ಮೇಲೆ ಬೆರಳುದ್ದ ನೀರು, ಅದೇ ಹಳೆಯ ಹೊಳಪು. ಆದರೆ ಹೊಸ ಜೊಂಡು, ಒಂದು ಮಳೆಗಾಲವನ್ನೂ ಪೂರ್ತಿ ಕಂಡಿಲ್ಲ, ಗಂಡಾಳಿನ ಭಾರ ತಡೆದೀತೇ, ಅತ್ತಿಗಿ, ದೂರ ನಿಂದರು, ನಿನ್ನೂ ನುಂಗೀತು ಎನ್ನುತ್ತಾನೆ ನಗುತ್ತ, ಇವನು ಮುಳುಗಲಿ ಎಂದು ವರ್ಷಗಟ್ಟಲೆ ಶಪಿಸಿದವಳು, ಇವತ್ತೊಂದು ದಿನ ಮುಳುಗಬೇಡವೋ, ಮುಳುಗಬೇಡ, ಕೊಂಬೆ ಹಿಡಿದ, ಬೂಟು ಎತ್ತಿದ, ಇಡು, ಇಡಲೇ — ಪಚಕ್ಕೆಂದಿತು ನೀರು, ಕೊಂಬು, ಎಮ್ಮೆಯ ಕೊಂಬು, ಇಲ್ಲ, ಬೂಟು, ಒತ್ತಿದ, ಇನ್ನೊಂದು ಕಾಲನ್ನೂ ಇಟ್ಟು ಕುಪ್ಪಳಿಸಿದ, ಸಾಹೇಬ ಬಗ್ಗಿ ನೋಡಿದ, ನೀರಿನ ಮೇಲೆ ಬೂಟಿನ ಲಾಡಿ, ನೆನೆಯದ ಲಾಡಿ, ಮತ್ತೆ ಕುಪ್ಪಳಿಸಿದ, ಬೂಟು, ಮುಳುಗದೆ ಅಲ್ಲೇ ಬೂಟು.